ಕೊಸರಿಗೆಂದು ತೆಗೆದ ನೆಗ್ಗು

ಗುಂಡ್ಲುಪೇಟೆ

ಗುಂಡ್ಲುಪೇಟೆಯಿಂದ ಊಟಿಗೆ ಹೋಗುವ ರಸ್ತೆಯಲ್ಲಿ, ಊರು ಮುಗಿದು ಸೂರ್ಯಕಾಂತಿ ಹೊಲ ಶುರುವಾಗುವ ಕಡೆ, ನಮ್ಮಪ್ಪನ ಟಿಂಕರಿಂಗ್ ಶೆಡ್ಡಿದೆ. ಘಾಟಿಯ ತಿರುವಿನಲ್ಲಿ ಮೈ ಉಜ್ಜಿಕೊಂಡ ಕಾರು, ಕೇರಳದಿಂದ ಬರುತ್ತಾ ಕಾಡುಹಂದಿಗೆ ಗುದ್ದಿದ ಜೀಪು, ಸಂತೆಗೆ ಹೊರಟು ಮೋರಿಗೆ ಇಳಿದ ಟೆಂಪೊ, ಎಲ್ಲಕ್ಕೂ ಅದೇ ಆಸ್ಪತ್ರೆ. ಗೋಡೆಯ ಮೇಲೆ ಮಾದಪ್ಪನ ಪಟವಿದೆ, ಪಕ್ಕದಲ್ಲಿ ಕಟ್ಟು ಹಾಕಿಸಿದ ನನ್ನ ಬಿ.ಇ. ಸರ್ಟಿಫಿಕೇಟಿದೆ. ಸ್ಪ್ರೇ ಹೊಡೆಯುವಾಗ ಅಪ್ಪ ಮಾದಪ್ಪನಿಗೆ ಏನೂ ಮುಚ್ಚುವುದಿಲ್ಲ, ಸರ್ಟಿಫಿಕೇಟಿಗೆ ಮಾತ್ರ ಹಳೇ ಪೇಪರು ಹೊದಿಸುತ್ತಾರೆ. "ಮಾದಪ್ಪ ಬಣ್ಣ ಬಿದ್ರೆ ತಡ್ಕತನೆ. ಅದು ತಡ್ಕಳಾಕಿಲ್ಲ" ಅನ್ನುತ್ತಾರೆ.

ಅದಕ್ಕೆ ಕಾರಣವಿದೆ. ನಮ್ಮ ತಾತ ತೆರಕಣಾಂಬಿಯಲ್ಲಿ ಕಂಡವರ ಹೊಲದಲ್ಲಿ ಕೂಲಿ ಮಾಡಿದವರು. ಅಪ್ಪ ನಾಲ್ಕನೇ ಕ್ಲಾಸಿಗೆ ಸ್ಲೇಟು ಇಟ್ಟು ಸುತ್ತಿಗೆ ಹಿಡಿದವರು. ಎರಡೂ ಕಡೆಯ ವಂಶದಲ್ಲಿ ಡಿಗ್ರಿ ಪಡೆದವಳು ನಾನೇ ಮೊದಲು. ಇದನ್ನು ಹೇಳಿಕೊಳ್ಳಲು ನನಗೆ ನಾಚಿಕೆಯಿಲ್ಲ. ಬೆಳಿಗ್ಗೆ ಶೆಡ್ಡು, ಮಧ್ಯಾಹ್ನ ಕಾಲೇಜು, ಬಸ್ಸಿನಲ್ಲಿ ಓದು. ಹೀಗೆ ಡಿಪ್ಲೊಮಾ, ಅದರ ಮೇಲೆ ಬಿ.ಇ. ಈಗ ಚಾಮರಾಜನಗರದ ಒಂದು ತರಬೇತಿ ಸಂಸ್ಥೆಯಲ್ಲಿ ತಗಡಿನ ಕೆಲಸ ಕಲಿಸುವ ಮೇಡಂ ನಾನು.

ಆದರೆ ಕೆಲಸ ಕಲಿತದ್ದು ಕಾಲೇಜಿನಲ್ಲಲ್ಲ. ಅಪ್ಪ ಹೊರಗಿನಿಂದ ಸುತ್ತಿಗೆ ಹಾಕುವಾಗ ಒಳಗಡೆಯಿಂದ ತಗಡಿಗೆ ಒಂದು ಕಬ್ಬಿಣದ ಗಟ್ಟಿಯನ್ನು ಒತ್ತಿ ಹಿಡಿಯಬೇಕು. ಅದಕ್ಕೆ ಡಾಲಿ ಅಂತಾರೆ. ಬಾಗಿಲ ಸಂದಿಗೆ ಹೋಗುವಷ್ಟು ಸಣ್ಣ ಕೈ ಮನೆಯಲ್ಲಿ ನನ್ನದೊಂದೇ ಇತ್ತು. ಒಂದು ಸಲ ನಮ್ಮೂರಿನ ಹತ್ತಿರ ಸಿನಿಮಾದವರು ಒಂದು ಹಳೇ ಅಂಬಾಸಿಡರನ್ನು ಸೂರ್ಯಕಾಂತಿ ಹೊಲಕ್ಕೆ ಉರುಳಿಸಿದರು. ಶಾಟು ಸರಿ ಬರಲಿಲ್ಲವಂತೆ. ಕಾರು ಇದ್ದದ್ದು ಒಂದೇ. ಅಪ್ಪನೂ ನಾನೂ ಎರಡು ದಿನ ಬಡಿದು ಅದನ್ನು ನೆಟ್ಟಗೆ ಮಾಡಿಕೊಟ್ಟೆವು. ಮತ್ತೆ ಉರುಳಿಸಿದರು. ಮತ್ತೆ ತಂದರು. ಮೂರನೇ ಸಲ ಅಪ್ಪ ಕೈಮುಗಿದು, "ಸ್ವಾಮಿ, ನಾವ್ ರಿಪೇರಿ ಮಾಡದು ಗಾಡಿ ಓಡ್ಲಿ ಅಂತ, ಬೀಳ್ಲಿ ಅಂತಲ್ಲ" ಅಂದರು.

ಹೋದ ವರ್ಷ ನನ್ನ ವಿದ್ಯಾರ್ಥಿಗಳು ನಾನು ಹಳೇ ಕಾರಿನ ಮಡ್‌ಗಾರ್ಡ್ ಬಡಿಯುವುದನ್ನು ಫೋನಿನಲ್ಲಿ ಹಿಡಿದು ಹಾಕಿದ್ದರು. ಅದನ್ನು ಅಮೆರಿಕದ ಅಯೋವಾ ಎಂಬ ಸೀಮೆಯಲ್ಲಿ ಡೇಲ್ ಎಂಬುವರು ನೋಡಿದರಂತೆ. ಅವರು ಹಳೇ ಕಾರುಗಳಿಗೆ ಜೀವ ಕೊಡುವವರು. ಪ್ರತಿ ಬೇಸಿಗೆಯಲ್ಲಿ ಅವರ ಸಂಘದವರು ಮೂರು ವಾರದ ಶಿಬಿರ ಮಾಡುತ್ತಾರೆ. ಮಷಿನ್ನಿಲ್ಲದೆ ಕೈಯಲ್ಲೇ ತಗಡು ತಿದ್ದುವುದನ್ನು ತೋರಿಸಲು ಬರ್ತೀರಾ ಅಂತ ಕಾಗದ ಬಂತು. ವಿಳಾಸದಲ್ಲಿ ನನ್ನ ಹೆಸರಿನ ಮುಂದೆ ಬಿ.ಇ. ಎಂದು ಬರೆದಿದ್ದರು. ಅಪ್ಪ ಆ ಲಕೋಟೆಯನ್ನು ಎರಡು ದಿನ ಜೇಬಿನಲ್ಲೇ ಇಟ್ಟುಕೊಂಡು ಓಡಾಡಿದರು.

ಚಿಕಾಗೋ

ವಿಮಾನದ ಬಗ್ಗೆ ಬರೆಯಲು ಏನೂ ಇಲ್ಲ. ಗುಂಡ್ಲುಪೇಟೆ–ಮೈಸೂರು ಬಸ್ಸಿನಲ್ಲಿ ಪಕ್ಕದವರು ಇಳಿಯುವ ಮೊದಲು ನಿಮ್ಮ ಮಕ್ಕಳ ಹೆಸರು ಕೇಳಿರುತ್ತಾರೆ. ಇಲ್ಲಿ ಅಷ್ಟು ಗಂಟೆ ಪಕ್ಕದಲ್ಲಿ ಕೂತವರು ಒಂದು ಮಾತನ್ನೂ ಆಡಲಿಲ್ಲ. ಅಷ್ಟೇ.

ಚಿಕಾಗೋದಲ್ಲಿ ನನ್ನ ಪೆಟ್ಟಿಗೆ ಬಿಚ್ಚಿಸಿದರು. ಒಳಗೆ ಏಳು ಸುತ್ತಿಗೆ, ನಾಲ್ಕು ಡಾಲಿ, ಹುಣಸೆಮರದ ಒಂದು ಕೊಡತಿ. ನೋಡಿದವರಿಗೆ ಗಾಬರಿಯಾಗದೆ ಇರುತ್ತದೆಯೇ? ಸಮವಸ್ತ್ರದ ಹೆಂಗಸೊಬ್ಬರು ಕೊಡತಿಯನ್ನು ಎತ್ತಿ ನೋಡಿ, ಇದೇನು, ಯಾವ ಮರ, ಒಳಗೆ ಹುಳ ಇದೆಯಾ ಅಂತ ವಿಚಾರಿಸಿದರು. ಕಾರಿನ ನೆಗ್ಗು ತೆಗೆಯುವುದು ನನ್ನ ಕೆಲಸ, ಈ ಮರಕ್ಕೆ ಹುಳ ಬಿದ್ದರೆ ಹುಳವೇ ಸಾಯಬೇಕು ಅಂದೆ. ಆಕೆ ನಗಲಿಲ್ಲ. ಪೆಟ್ಟಿಗೆಯ ತಳದಲ್ಲಿ ಅಮ್ಮ ಕಟ್ಟಿಕೊಟ್ಟಿದ್ದ ಹುರಳಿಕಾಳು ಸಿಕ್ಕಿತು. ಅದನ್ನು ಎತ್ತಿ ಕಸದ ಡಬ್ಬಕ್ಕೆ ಹಾಕಿದರು. ಆಮೇಲೆ ಆಕೆ ಆಚೀಚೆ ನೋಡಿ, ತಮ್ಮ ಫೋನು ತೆಗೆದು, ಅಂಗಡಿಯ ತಳ್ಳುಗಾಡಿ ತಾಗಿ ನೆಗ್ಗಿದ್ದ ಅವರ ಕಾರಿನ ಫೋಟೊ ತೋರಿಸಿ, "ಇದು ಸರಿ ಹೋಗುತ್ತಾ?" ಅಂದರು. ಹೋಗುತ್ತೆ, ಒಳಗಿನಿಂದ ಒತ್ತಿಸಿ, ಮೇಲಿಂದ ಪುಟ್ಟಿ ಮೆತ್ತಿಸಬೇಡಿ ಅಂದೆ. ಕೊಡತಿ ನನ್ನ ಕೈಗೆ ವಾಪಸ್ಸು ಬಂತು.

ಡೇಲ್ ಶೆಡ್ಡು

ಅಯೋವಾ ಅಂದರೆ ಮುಸುಕಿನ ಜೋಳ. ನಮ್ಮ ಕಡೆಯೂ ಬೆಳೆಯುತ್ತಾರೆ. ಆದರೆ ನಮ್ಮಲ್ಲಿ ಜೋಳದ ಹೊಲ ಮುಗಿದರೆ ಒಂದು ಊರು, ಊರು ಮುಗಿದರೆ ಒಂದು ಗುಡಿ. ಅಲ್ಲಿ ಜೋಳ ಮುಗಿದರೆ ಮತ್ತೆ ಜೋಳ. ನಡುವೆ ಎಲ್ಲೋ ಡೇಲ್ ಅವರ ಶೆಡ್ಡು. ಮೇಲೆ ತಗಡು, ಕೆಳಗೆ ಸಿಮೆಂಟು, ನೆಲದ ಮೇಲೆ ಒಂದು ತೊಟ್ಟು ಎಣ್ಣೆಯಿಲ್ಲ. ಊಟಕ್ಕೆ ಕೂರಬಹುದಿತ್ತು.

ಡೇಲ್‌ಗೆ ಅರವತ್ತು ದಾಟಿದೆ. ದೊಡ್ಡ ಆಳು, ಸಣ್ಣ ದನಿ. ಬೆಳಿಗ್ಗೆ ಕಾಫಿ ಕುಡಿಯುವ ತನಕ ಮಾತಾಡುವುದಿಲ್ಲ. ಹನ್ನೊಂದೂವರೆಗೆ ಮಧ್ಯಾಹ್ನದ ಊಟ. ರಸ್ತೆಯಲ್ಲಿ ಎದುರಿಗೆ ಯಾರು ಬಂದರೂ ಸ್ಟಿಯರಿಂಗ್ ಮೇಲಿಂದ ಒಂದೇ ಒಂದು ಬೆರಳೆತ್ತುತ್ತಾರೆ. ಅದೇ ನಮಸ್ಕಾರ. ಪರಿಚಯದವರಾ ಅಂತ ಕೇಳಿದರೆ "ಗೊತ್ತಿಲ್ಲ" ಅನ್ನುತ್ತಾರೆ. ಮೂರನೇ ದಿನದಿಂದ ನಾನೂ ಬೆರಳೆತ್ತಲು ಶುರು ಮಾಡಿದೆ.

ಶೆಡ್ಡಿನ ತುಂಬ ಪೆಟ್ಟು ತಿಂದ ಕಾರುಗಳು. ನಮ್ಮಲ್ಲಿ ಹಳೇ ಕಾರಿನ ಯಜಮಾನರು ಹೊಳಪನ್ನು ತೋರಿಸುತ್ತಾರೆ. ಡೇಲ್ ಪೆಟ್ಟನ್ನು ತೋರಿಸುತ್ತಿದ್ದರು. ಹಿಂದೆ ಕಪ್ಪು ಬಿಳುಪು ಸಿನಿಮಾಗಳಲ್ಲಿ ಹಾರಿಸಿ, ಉರುಳಿಸಿ, ಗೋಡೆಗೆ ಗುದ್ದಿಸಿದ ಕಾರುಗಳು ಗುಜರಿಗೆ ಬೀಳುತ್ತಿದ್ದವಂತೆ. ಹಳ್ಳಿಯ ಹುಡುಗರು ಅವನ್ನು ಕೊಂಡು, ಗಾಜು ಕಿತ್ತು, ಮೈಮೇಲೆ ನಂಬರು ಬಳಿದು ಮಣ್ಣಿನ ಟ್ರ್ಯಾಕಿನಲ್ಲಿ ರೇಸಿಗೆ ಬಿಡುತ್ತಿದ್ದರಂತೆ. ಸಿನಿಮಾದಲ್ಲಿ ಅರ್ಧ ಜೀವ, ಮಣ್ಣಿನಲ್ಲಿ ಇನ್ನರ್ಧ. ಅಲ್ಲಿಗೂ ಉಳಿದವು ಈಗ ಚಿನ್ನ.

ಅವುಗಳಲ್ಲಿ ಒಂದು ಎರಡು ಬಾಗಿಲಿನ ಕಪ್ಪು ಕಾರು, ಜೀರುಂಡೆಯ ಹಾಗೆ ದುಂಡು ಬೆನ್ನಿನದು. ಅದು ಡೇಲ್ ಅವರದಲ್ಲ, ಪಕ್ಕದ ಜಮೀನಿನ ರೂತ್ ಎಂಬ ಎಂಬತ್ತು ವರ್ಷದ ಅಜ್ಜಿಯದು. ಆಕೆಯ ತಂದೆ ಸಿನಿಮಾದಲ್ಲಿ ಸ್ಟಂಟ್ ಮಾಡುತ್ತಿದ್ದವರು. ಸೊಂಟ ಮುರಿದ ಮೇಲೆ, ತಾವೇ ಹಾರಿಸಿದ್ದ ಕಾರನ್ನು ಗುಜರಿಯಿಂದ ಬಿಡಿಸಿಕೊಂಡು ಊರಿಗೆ ಬಂದು, ಅದರಲ್ಲೇ ರೇಸ್ ಓಡಿಸಿದರಂತೆ. ಶೆಡ್ಡಿನ ಗೋಡೆಯಲ್ಲಿ ಫೋಟೊ ಇದೆ. ಕಾರು ಒಂದು ಹುಲ್ಲಿನ ಬಂಡಿಯ ಮೇಲೆ ಗಾಳಿಯಲ್ಲಿ ತೇಲುತ್ತಿದೆ. ಪ್ರತಿ ವರ್ಷ ಶಿಬಿರ ಮುಗಿಯುವ ಶನಿವಾರ, ಊರಿನ ಮಣ್ಣಿನ ಟ್ರ್ಯಾಕಿನಲ್ಲಿ ರೇಸು ನಡೆಯುವಾಗ, ರೂತ್ ಅವರನ್ನು ಕೂರಿಸಿಕೊಂಡು ಆ ಕಾರು ಒಂದು ಸುತ್ತು ಬರುತ್ತದೆ. ಊರೆಲ್ಲ ಅದಕ್ಕೆ ಕಾಯುತ್ತದೆ.

ಎಡಬಾಗಿಲು

ಕೊನೆಯ ವಾರದ ಮಂಗಳವಾರ, ಶಿಬಿರದವರಿಗೆ ರಜೆ. ಡೇಲ್ ಬಿಡಿಭಾಗ ತರಲು ದೂರದ ಪಟ್ಟಣಕ್ಕೆ ಹೊರಟರು. ಕಪ್ಪು ಕಾರಿನ ಎಡಬಾಗಿಲು ಜೋತುಬಿದ್ದಿತ್ತು, ಅದರ ಕೀಲು ಸರಿ ಮಾಡಿ ಅಂತ ಹೇಳಿ ಹೋದರು. ಬಾಗಿಲು ಬಿಚ್ಚಿ ಎರಡು ಸ್ಟೂಲಿನ ಮೇಲೆ ಮಲಗಿಸಿದೆ. ಹತ್ತು ಗಂಟೆಗೆಲ್ಲ ಕೀಲು ಸರಿಹೋಯಿತು.

ಬಾಗಿಲ ನಡುವೆ ಒಂದು ನೆಗ್ಗು ಇತ್ತು. ರಾಗಿಮುದ್ದೆ ಇಡಬಹುದಾದಷ್ಟು ದೊಡ್ಡದು, ಆಳವಾದದ್ದು.

ಇಲ್ಲಿ ಒಂದು ಮಾತು ಹೇಳಬೇಕು. ಸಂತೆಮರಹಳ್ಳಿ ಸಂತೆಯಲ್ಲಿ ಒಂದು ಸೇರು ಕಾಳು ಅಳೆದ ಮೇಲೆ ಮೇಲಿಷ್ಟು ಹಾಕುತ್ತಾರಲ್ಲ, ಕೊಸರು, ಅದು ನಮ್ಮಪ್ಪನ ಶೆಡ್ಡಿನಲ್ಲೂ ಇದೆ. ಮಡ್‌ಗಾರ್ಡ್ ಸರಿ ಮಾಡಲು ಬಂದ ಗಾಡಿಯ ಬಾಗಿಲಲ್ಲಿ ಸಣ್ಣ ಪೆಟ್ಟಿದ್ದರೆ ಅಪ್ಪ ಅದನ್ನೂ ತೆಗೆದೇ ಕಳಿಸುವುದು. ನೆಗ್ಗಿಟ್ಟುಕೊಂಡ ಗಾಡಿ ನಮ್ಮ ಶೆಡ್ಡಿನಿಂದ ಹೊರಟರೆ ಮುಖ ತೊಳೆಯದೆ ಮಗುವನ್ನು ಶಾಲೆಗೆ ಕಳಿಸಿದ ಹಾಗೆ. ಮೂರು ವಾರದಿಂದ ಈ ಜನ ನನಗೆ ಉಣ್ಣಲು ಇಟ್ಟಿದ್ದಾರೆ, ಹಾಸಿಗೆ ಕೊಟ್ಟಿದ್ದಾರೆ, ಮಾತುಮಾತಿಗೆ ಥ್ಯಾಂಕ್ಸ್ ಹೇಳಿದ್ದಾರೆ. ನನ್ನ ಕಡೆಯಿಂದಲೂ ಒಂದು ಕೊಸರು ಇರಲಿ ಅಂತ ಅನ್ನಿಸಿತು. ಕೈಯೂ ತುರಿಸುತ್ತಿತ್ತು, ಸುಳ್ಳೇಕೆ ಹೇಳಲಿ.

ಒಳಗಿನ ರಟ್ಟು ಬಿಚ್ಚಿ, ಡಾಲಿ ಒತ್ತಿ, ಅಂಚಿನಿಂದ ನಡುವಿಗೆ ಸುತ್ತಿಗೆ ಇಟ್ಟೆ. ಆ ಕಾಲದ ತಗಡು ದಪ್ಪ, ಜಗ್ಗುವುದಿಲ್ಲ. ಮಧ್ಯಾಹ್ನ ಮೂರಾಯಿತು. ಮೂರಕ್ಕೆ ಬಾಗಿಲು ಕೆರೆಯ ನೀರಿನ ಹಾಗೆ ಸಮ. ಬಣ್ಣ ಒಡೆದು ಉದುರಿದ ಜಾಗಕ್ಕೆ ಉಪ್ಪುಕಾಗದ ಹಾಕಿ, ಬೂದು ಪ್ರೈಮರು ಬಳಿದು, ಸೊಂಟ ನೆಟ್ಟಗೆ ಮಾಡಿಕೊಂಡು ನಿಂತೆ. ಅಷ್ಟು ಚೆನ್ನಾದ ಕೆಲಸವನ್ನು ನಾನು ಆ ಮೂರು ವಾರದಲ್ಲಿ ಮಾಡಿರಲಿಲ್ಲ.

ಒಂದು ವಿಷಯ ಕಣ್ಣಿಗೆ ಬಿದ್ದಿತ್ತು. ಬಾಗಿಲ ಕಪ್ಪು ಬಣ್ಣದ ಕೆಳಗೆ ಹಸಿರಿತ್ತು. ಕಾರಿನ ಉಳಿದ ಮೈಯಲ್ಲಿ ಕಪ್ಪಿನ ಕೆಳಗೆ ಕಂದು. ಟಿಂಕರನ ಮಗಳಿಗೆ ಇದರರ್ಥ ಯಾರೂ ಹೇಳಿಕೊಡಬೇಕಿಲ್ಲ. ಆ ಬಾಗಿಲು ಬೇರೆ ಯಾವುದೋ ಕಾರಿನದು. ಹಳೇ ಕಾರಿಗೆ ಇದೆಲ್ಲ ಮಾಮೂಲು ಅಂತ ಸುಮ್ಮನಾದೆ.

ಸಂಜೆ ಡೇಲ್ ಬಂದರು. ಬಾಗಿಲು ನೋಡಿದರು. ಟೋಪಿ ತೆಗೆದರು. ಒಂದು ಬಕೆಟ್ಟು ಬೋರಲು ಹಾಕಿ ಅದರ ಮೇಲೆ ಕೂತರು.

"ಎಲ್ಲಿ ಹೋಯಿತು ಅದು?" ಅಂದರು.

"ತೆಗೆದೆ," ಅಂದೆ ನಾನು. ನಗುತ್ತಲೇ ಅಂದೆ. ಆ ನಗು ನೆನೆಸಿಕೊಂಡರೆ ಈಗಲೂ ಕಿವಿ ಬಿಸಿಯಾಗುತ್ತದೆ.

ಅವರು ಗೋಡೆಯ ಫೋಟೊ ತೋರಿಸಿದರು. ಆ ಹಾರಾಟದಲ್ಲಿ ಕಾರು ಎಡಕ್ಕೆ ವಾಲಿ ನೆಲಕ್ಕೆ ಬಿತ್ತಂತೆ. ಆ ನೆಗ್ಗು ಆಗ ಬಿದ್ದದ್ದಂತೆ. ಇಪ್ಪತ್ತು ವರ್ಷದಿಂದ ರೇಸಿಗೆ ಬಂದವರಿಗೆಲ್ಲ ಅವರು ತೋರಿಸುತ್ತಿದ್ದದ್ದು ಅದನ್ನೇ. ನನಗೆ ಶನಿವಾರ ಮೈದಾನದಲ್ಲೇ ತೋರಿಸೋಣ ಅಂತ ಇಟ್ಟುಕೊಂಡಿದ್ದರಂತೆ. ಪ್ರತಿ ವರ್ಷ ಸುತ್ತು ಹೊರಡುವ ಮೊದಲು ರೂತ್ ಆ ನೆಗ್ಗಿನೊಳಗೆ ಅಂಗೈ ಇಟ್ಟು ಕಣ್ಣು ಮುಚ್ಚಿ ಒಂದು ಗಳಿಗೆ ನಿಲ್ಲುತ್ತಾರಂತೆ. ಆಗ ಇಡೀ ಮೈದಾನ ಎದ್ದು ನಿಲ್ಲುತ್ತದಂತೆ.

"ಶನಿವಾರ ಅವರು ಕೈ ಎಲ್ಲಿಡಬೇಕು?" ಅಂದರು.

ಅವರು ಕೂಗಾಡಲಿಲ್ಲ. ಅದೇ ಕಷ್ಟವಾದದ್ದು. ನಮ್ಮ ಕಡೆಯಾಗಿದ್ದರೆ ಗಾಡಿ ಯಜಮಾನ ನನ್ನ ಏಳು ತಲೆಮಾರನ್ನು ಎಳೆದು ತಂದು ಬೈಯುತ್ತಿದ್ದ. ಅಕ್ಕಪಕ್ಕದ ಅಂಗಡಿಯವರು ಬಂದು ಬಿಡಿಸುತ್ತಿದ್ದರು. ಟೀ ಬರುತ್ತಿತ್ತು. ಇಲ್ಲಿ ಡೇಲ್ ಎದ್ದು ಹೋಗಿ ಶೆಡ್ಡಿನ ದೀಪಗಳನ್ನು ಒಂದೊಂದಾಗಿ ಆರಿಸಿದರು.

ಬುಧವಾರ

ಅಲ್ಲಿ ಬೆಳಿಗ್ಗೆಯಾದರೆ ನಮ್ಮಲ್ಲಿ ಸಂಜೆ. ಅಪ್ಪನಿಗೆ ಫೋನು ಮಾಡಿದೆ.

"ಏನಮ್ಮಿ, ಉಂಡ್ಯಾ?"

ಎಲ್ಲ ಹೇಳಿದೆ.

"ಕೊಸರ ಯಾರ್ ಕೇಳುದ್ರಮ್ಮಿ?"

"ಯಾರೂ ಕೇಳ್ನಿಲ್ಲ ಕಣಪ್ಪ. ನೀನು ಮಾಡಲ್ವ ಅಂಗೆ?"

"ನಾ ಮಾಡ್ತೀನಿ. ಆದ್ರೆ ಸುತ್ಗೆ ಎತ್ತೋಕ್ ಮುಂಚೆ 'ಇದ್ನೂ ತೆಗುದ್ಬುಡ್ಲಾ ಸ್ವಾಮಿ' ಅಂತ ಕೇಳಾಕಿಲ್ವಾ? ನೀ ಒಳಗ್ ಡಾಲಿ ಇಡ್ಕಂಡ್ ಕುಂತಿರೋಳು, ನಿಂಗದು ಕೇಳ್ಸಿಲ್ಲ. ಸಂತೇಲಿ ಸೊಪ್ ಮಾರೋಳು ನೀ ಚೀಲ ಒಡ್ದೆ ಇದ್ರೆ ಅವ್ಳಾಗವ್ಳೆ ಬಂದು ನಿನ್ ಚೀಲಕ್ ಕೈ ಆಕಾಳಾ?"

ಅಪ್ಪ ಬೈಯುವುದೇ ಹೀಗೆ, ಒಂದು ಪ್ರಶ್ನೆ ಕೇಳಿ. ಆಮೇಲೆ ನಾನು ಹಸಿರು ಬಣ್ಣದ ವಿಷಯ ತೆಗೆದೆ. ರಾತ್ರಿಯೆಲ್ಲ ಅದೇ ತಲೆಯಲ್ಲಿತ್ತು.

"ಅಪ್ಪ, ಆ ಬಾಗ್ಲು ಆ ಕಾರಿಂದೇ ಅಲ್ಲ. ಒಳಗ ಅಸ್ರು ಬಣ್ಣ ಅದೆ. ಸಿನಿಮಾ ಇಲ್ಲ, ಏನೂ ಇಲ್ಲ. ಅದ್ನ ತೋರ್ಸ್ಬುಟ್ರೆ ನಂದೇನೂ ತಪ್ಪಿಲ್ಲ ಅಂತಾಯ್ತದೆ."

ಆ ಕಡೆ ಒಂದು ಬಸ್ಸು ಹಾರನ್ ಹೊಡೆದುಕೊಂಡು ಹೋಯಿತು. ಅದು ಪೂರ್ತಿ ಹೋಗುವ ತನಕ ಅಪ್ಪ ಕಾದರು.

"ನಿಂದೇನೂ ತಪ್ಪಿಲ್ಲ ಅಂತಾಯ್ತದೆ. ಸರಿ. ಆ ಮುದ್ಕಮ್ಮಂಗೆ ಏನಾಯ್ತದೆ?"

ನಾನು ಉಗುರಿಗೆ ಅಂಟಿದ್ದ ಬೂದು ಬಣ್ಣ ಕೆರೆದೆ.

"ಅವ್ರಪ್ಪನ್ ನೆನಪು ಅಂತ ಕೈ ಇಡ್ತಿದ್ಲು. ನೀನು ನೆಗ್ಗೂ ತೆಗುದ್ಬುಟ್ಟೆ, ಈಗ ನೆನಪ್ನೂ ತೆಗೀತೀಯಾ? ಓಗು, ಅವ್ಳ ಮುಂದೆ ನಿಂತ್ಕಂಡು ನಿನ್ ತಪ್ಪ ಯೋಳು. ಬಣ್ಣದ್ ಮಾತ ಬಾಯಿಗ್ ತರ್ಬ್ಯಾಡ."

"ಎಂಗ್ ಯೋಳನಪ್ಪ?"

"ನಂಗೇನಮ್ಮಿ ಗೊತ್ತು? ಇಂಗ್ಲಿಷ್ ಬರದು ನಿಂಗೆ. ಡಿಗ್ರಿ ನಿಂದು."

ರೂತ್ ಮನೆ

ಗುರುವಾರ ಡೇಲ್ ನನ್ನನ್ನು ಪಿಕಪ್ಪಿನಲ್ಲಿ ರೂತ್ ಮನೆಗೆ ಕರೆದೊಯ್ದರು. ನಾನೊಬ್ಬಳೇ ಒಳಗೆ ಹೋಗಿ ಹೇಳುತ್ತೇನೆ ಅಂದೆ. ಅವರು ಗಾಡಿಯಲ್ಲೇ ಕೂತರು. ಮನೆಯ ಸುತ್ತ ದನದ ದೊಡ್ಡಿ, ಈಗ ದನವಿಲ್ಲ. ಆದರೆ ಗೇಟುಗಳೆಲ್ಲ ಅಗುಳಿ ಹಾಕಿ ಭದ್ರವಾಗಿದ್ದವು. ಮೂರು ಗೇಟು ತೆಗೆದು, ಮೂರು ಗೇಟು ಹಾಕಿ ಹೋದೆ.

ಅಲ್ಲಿ ಮಕ್ಕಳು ಮರಿಯೆಲ್ಲ ಆಕೆಯನ್ನು ರೂತ್ ಎಂದೇ ಕರೆಯುತ್ತಾರೆ. ನನ್ನ ಬಾಯಿಗೆ ಬರಲಿಲ್ಲ. ರೂತಮ್ಮ ಅಂದೆ. ಆಕೆಯ ಇಂಗ್ಲಿಷು ಹಳ್ಳಿಯ ಇಂಗ್ಲಿಷು, ಅಕ್ಷರ ನುಂಗುವಂಥದ್ದು. ಆದ್ದರಿಂದ ನಮ್ಮ ಮಾತಿನಲ್ಲೇ ಬರೆಯುತ್ತೇನೆ, ಅದೇ ಹತ್ತಿರ.

ಕೂರಿಸಿದರು. ಕಾಫಿ ಕೊಟ್ಟರು. ಲೋಟದ ತಳ ಕಾಣುವಷ್ಟು ತೆಳ್ಳಗಿತ್ತು. ನಾನು ಎದ್ದು ನಿಂತು ಹೇಳಿದೆ. ನಿಮ್ಮ ಕಾರಿನ ಎಡಬಾಗಿಲ ನೆಗ್ಗನ್ನು ನಾನು ತೆಗೆದುಬಿಟ್ಟೆ, ಯಾರೂ ತೆಗೆ ಅಂದಿರಲಿಲ್ಲ, ಡೇಲ್ ಅವರಿಗೂ ಗೊತ್ತಿರಲಿಲ್ಲ, ತಪ್ಪು ಪೂರಾ ನನ್ನದು. ಇಷ್ಟನ್ನು ಪಿಕಪ್ಪಿನಲ್ಲಿ ಬಾಯಿಪಾಠ ಮಾಡಿಕೊಂಡಿದ್ದೆ.

ರೂತಮ್ಮ ಲೋಟ ಕೆಳಗಿಟ್ಟರು. "ಪೂರ್ತಿ ಹೋಯ್ತಾ?"

"ಪೂರ್ತಿ."

"ಕೈ ಆಡ್ಸುದ್ರೂ ಸಿಕ್ಕಲ್ವಾ?"

"ಸಿಕ್ಕಲ್ಲ." ಕೆಲಸ ಚೆನ್ನಾಗಿ ಬಂದದ್ದಕ್ಕೆ ಆವತ್ತು ಮೊದಲ ಸಲ ದುಃಖವಾಯಿತು.

ಆಕೆ ನನ್ನನ್ನೇ ನೋಡಿದರು. ಆಮೇಲೆ ಕೇಳಿದರು, "ಒಳಗಡೆ ಯಾವ ಬಣ್ಣ ಇತ್ತು?"

ನಾನು ಕಾಫಿಯನ್ನು ನೋಡುತ್ತಾ ನಿಂತೆ. ಅಪ್ಪ ಬಾಯಿಗೆ ತರಬೇಡ ಅಂದಿದ್ದರು. ಆದರೆ ಆಕೆ ಕೇಳುತ್ತಿದ್ದಾರೆ.

"ಅಸ್ರು ತಾನೆ?" ಅಂದರು ರೂತಮ್ಮ. "ಯಾಕಮ್ಮಿ ಬಾಯ್ ಬುಡ್ತಿಲ್ಲ? ನಿಂಗ್ ಗೊತ್ತಾಗಿರ್ತದೆ. ನನ್ನ ನೋಯ್ಸ್ಬಾರ್ದು ಅಂತ ಸುಮ್ಕಿದೀಯಾ?"

ತಲೆಯಾಡಿಸಿದೆ. ಆಕೆ ನಕ್ಕರು. ನಗು ಬೆಳೆಯಿತು, ಕೆಮ್ಮಾಯಿತು, ನಾನು ನೀರು ತಂದುಕೊಟ್ಟೆ.

"ಸಿನಿಮಾ ಬಾಗ್ಲು ಮೊದ್ಲ ವರ್ಷದ್ ರೇಸ್‌ನಲ್ಲೇ ಕಿತ್ಕಂಡ್ ಓಯ್ತು. ಇದು ಕೋಳಿ ವ್ಯಾಪಾರದೋನ್ ಕಾರಿಂದು. ನಮ್ಮಪ್ಪನೇ ತಂದು ಕೂರ್ಸಿ ಕಪ್ಪು ಬಳ್ದ."

"ಅಂಗಾರೆ ನೆಗ್ಗು?"

"ಓರಿ," ಅಂದರು ರೂತಮ್ಮ. "ನಮ್ಮನೆ ಓರಿ ಗುಮ್ಮಿದ್ದು."

ನಾನು ಕುರ್ಚಿ ಎಳೆದುಕೊಂಡು ಕೂತೆ. ಎರಡು ದಿನದಲ್ಲಿ ಮೊದಲ ಸಲ ಕಾಫಿ ರುಚಿಸಿತು. ಆದರೆ ಆಕೆ ಇನ್ನೂ ಮುಗಿಸಿರಲಿಲ್ಲ.

ಆಗ ರೂತಮ್ಮನಿಗೆ ಹತ್ತು ವರ್ಷ. ಸಂಜೆ ದೊಡ್ಡಿಯ ಗೇಟಿಗೆ ಅಗುಳಿ ಹಾಕುವುದು ಅವರ ಕೆಲಸ. ಒಂದು ದಿನ ಮರೆತರು. ಹೋರಿ ಹೊರಗೆ ಬಂತು, ಅಂಗಳದಲ್ಲಿ ನಿಂತಿದ್ದ ಇವರ ಕಡೆಗೇ ನುಗ್ಗಿತು. ಅಪ್ಪ ರೇಸಿನಿಂದ ಆಗತಾನೆ ಬಂದು ಕಾರು ನಿಲ್ಲಿಸುತ್ತಿದ್ದವರು, ಕಾರನ್ನೇ ತಂದು ನಡುವೆ ಅಡ್ಡ ಹಾಕಿದರು. ಹೋರಿಯ ತಲೆ ಬಾಗಿಲಿಗೆ ಬಿತ್ತು.

ನಾನು ಲೋಟ ಕೆಳಗಿಟ್ಟೆ. ಸಿನಿಮಾದ್ದಾಗಿದ್ದರೆ ಹಾರಾಟದ ಗುರುತು. ಇದು ಮಗಳ ಜೀವ ಉಳಿಸಿದ ಗುರುತು. ಇದನ್ನಾ ನಾನು ಉಪ್ಪುಕಾಗದ ಹಾಕಿ ಉಜ್ಜಿದ್ದು?

"ರೂತಮ್ಮ, ನಾನು..."

"ಇರು, ಕೇಳು. ಆ ವಾರವೇ ನಮ್ಮಪ್ಪ ಅದ ಬಡ್ದು ಸರಿ ಮಾಡ್ತೀನಿ ಅಂದ. ನಮ್ಮವ್ವ ಬುಡ್ನಿಲ್ಲ. 'ಇರ್ಲಿ ಅದು. ಈ ಮರ್ವಿನ ಗೂಬೆ ದಿನಾ ನೋಡ್ಕಂಡಿರ್ಲಿ' ಅಂದ್ಲು. ದಿನಾ ನೋಡ್ದೆ. ಅಪ್ಪ ಓದ, ಅವ್ವ ಓದ್ಲು, ಅದು ಓಗ್ನಿಲ್ಲ. ನಾನು ಕೈ ಇಟ್ರೆ ಜನ ಎದ್ ನಿಂತ್ಕತಿದ್ರು. ನಮ್ಮಪ್ಪನ ನೆನೀತಾವ್ಳೆ ಅಂತ. ನಾನು ನೆನೀತಿದ್ದುದು ಅಗುಳಿಯ."

ಕಿಟಕಿಯಿಂದ ಹೊರಗೆ ಆ ಮೂರು ಗೇಟುಗಳು ಕಾಣುತ್ತಿದ್ದವು.

"ಎಪ್ಪತ್ತು ವರ್ಷ ಒಂದು ದಿನಾನೂ ಮರೀದೆ ಅಗುಳಿ ಆಕಿವ್ನಿ. ಸಾಲ್ದಾ ಅಮ್ಮಿ? ನಾನಾಗೆ ತೆಗ್ಸೋಕೆ ಧೈರ್ಯ ಸಾಲ್ನಿಲ್ಲ. ಅವ್ವ ಎಲ್ಲಿಂದಾದ್ರೂ ಬೈದಾಳು ಅಂತ. ನೀನು ಕೇಳ್ದೆ ತೆಗ್ದೆ. ಕೇಳಿದ್ರೆ ನಾನು ಬ್ಯಾಡ ಅಂದ್ಬುಡ್ತಿದ್ದೆ."

ಡೇಲ್ ಅವರನ್ನು ಒಳಗೆ ಕರೆದರು. ಎಲ್ಲವನ್ನೂ ಮತ್ತೆ ಹೇಳಿದರು. ಡೇಲ್ ಟೋಪಿಯನ್ನು ಮೊಣಕಾಲ ಮೇಲಿಟ್ಟುಕೊಂಡು ಕೇಳಿದರು. ಮುಖ ಕೆಂಪಾಯಿತು.

"ನಾನು ಇಪ್ಪತ್ತು ವರ್ಷದಿಂದ ಎಲ್ಲರಿಗೂ ಹೇಳ್ತಾ ಬಂದೆ. ನೀನು ಒಂದು ಸಲನಾದರೂ ಹೇಳಬಾರದಿತ್ತಾ?"

"ನೀನ್ ಯೋಳೋದು ಅಷ್ಟು ಚೆಂದಾಗಿತ್ತು. ನಂಗೇ ಒಂದೊಂದ್ ಕಿತ ಅದೇ ನಿಜ ಅನ್ಸದು."

"ಪೇಪರಿನವರಿಗೂ ಹೇಳಿದ್ದೀನಿ, ರೂತ್."

"ಓದಿದ್ದೀನಿ. ಚೆಂದಾಗಿ ಬರ್ದವ್ರೆ."

ಡೇಲ್ ಪಿಕಪ್ಪನ್ನು ವಾಪಸ್ಸು ಶೆಡ್ಡಿನ ಕಡೆ ತಿರುಗಿಸಿದರು. ಎದುರಿಗೆ ಒಂದು ಟ್ರ್ಯಾಕ್ಟರು ಬಂತು. ಬೆರಳೆತ್ತಿದರು. ಆಮೇಲೆ ಭುಜ ಕುಲುಕಲು ಶುರುವಾಯಿತು. ಅಳುತ್ತಿದ್ದಾರೇನೋ ಅಂತ ಹೆದರಿ ತಿರುಗಿದರೆ, ನಗುತ್ತಿದ್ದರು. "ಹೋರಿ!" ಅಂದರು. ಸ್ಟಿಯರಿಂಗ್ ಗುದ್ದಿ ಇನ್ನೊಂದು ಸಲ, "ಹೋರಿ!" ನಾನೂ ನಕ್ಕೆ. ಶೆಡ್ಡು ಬರುವ ತನಕ ಇಬ್ಬರೂ ನಿಲ್ಲಿಸಲಿಲ್ಲ.

ಮಣ್ಣಿನ ಟ್ರ್ಯಾಕು

ಶನಿವಾರ ಮಧ್ಯಾಹ್ನವೇ ಜನ ಕಂಬಳಿ ತಂದು ಹಲಗೆಗಳ ಮೇಲೆ ಹಾಸಿ ಜಾಗ ಹಿಡಿದಿದ್ದ‌ರು. ಟ್ರ್ಯಾಕು ಅಂದರೆ ಹೊಲದ ನಡುವೆ ಮೊಟ್ಟೆಯಾಕಾರದ ಜೇಡಿಮಣ್ಣಿನ ದಾರಿ. ಮೊದಲು ಟ್ಯಾಂಕರಿನಿಂದ ನೀರು ಹೊಡೆದರು. ಆಮೇಲೆ ಹಳೇ ಗಾಡಿಗಳನ್ನೆಲ್ಲ ಮೆಲ್ಲಗೆ ಸುತ್ತು ಹಾಕಿಸಿ ಆ ಹಸಿಮಣ್ಣನ್ನು ತುಳಿಸಿದರು. ನಮ್ಮೂರಿನಲ್ಲಿ ಹುರಳಿ ಕಿತ್ತ ಕಾಲಕ್ಕೆ ಗಿಡವನ್ನು ಟಾರ್ ರಸ್ತೆಗೆ ಹರಡುತ್ತೇವಲ್ಲ, ಬಸ್ಸು ಲಾರಿ ಹತ್ತಿ ಕಾಳು ಬಿಡಿಸಿಕೊಡಲಿ ಅಂತ, ಅದು ನೆನಪಾಯಿತು. ಇಲ್ಲಿ ಕಾಳಿಲ್ಲ, ನೆಲವೇ ಬೆಳೆ.

ರೇಸು ಶುರುವಾದರೆ ಮಣ್ಣಿನ ಮಳೆ. ಕಾರುಗಳು ನಮ್ಮ ಮುಂದಿನ ತಿರುವಿಗೆ ಬಂದಾಗಲೆಲ್ಲ ಜನ ಮಾತು ನಿಲ್ಲಿಸದೆ ತಮ್ಮ ಲೋಟದ ಬಾಯಿಗೆ ಅಂಗೈ ಮುಚ್ಚುತ್ತಾರೆ, ಹೋದ ಮೇಲೆ ತೆಗೆದು ಕುಡಿಯುತ್ತಾರೆ. ನನಗೆ ಗೊತ್ತಿರಲಿಲ್ಲ. ನನ್ನ ನಿಂಬೆ ಪಾನಕದಲ್ಲಿ ಅಯೋವಾದ ನೆಲ ಅರ್ಧ ಇತ್ತು. ಒಂದು ಕಾರು ಪಲ್ಟಿ ಹೊಡೆಯಿತು. ತಟ್ಟನೆ ಎಲ್ಲರೂ ಎದ್ದರು, ಒಬ್ಬರೂ ಉಸಿರೆತ್ತಲಿಲ್ಲ, ಒಬ್ಬರೂ ಫೋನು ತೆಗೆಯಲಿಲ್ಲ. ಓಡಿಸುತ್ತಿದ್ದವನು ಕಿಟಕಿಯಿಂದ ಕೈ ಹೊರಗೆ ಹಾಕಿ ಆಡಿಸಿದ. ಆಗ ಚಪ್ಪಾಳೆ. ನಮ್ಮ ಊಟಿ ರಸ್ತೆಯಲ್ಲಿ ಗಾಡಿ ಬಿದ್ದರೆ ನೆರೆಯುವ ಜನ ನೆನಪಾಗಿ ನಾಚಿಕೆಯಾಯಿತು. ಆದರೆ ಅವರ ಟಿಂಕರಿಂಗ್ ನೋಡಿ ಆ ನಾಚಿಕೆ ಹೋಯಿತು. ಪಲ್ಟಿಯಾದ ಕಾರನ್ನು ಎಳೆತಂದು, ಬಂಡೆ ಒಡೆಯುವ ಸುತ್ತಿಗೆಯಲ್ಲಿ ನಾಲ್ಕು ಏಟು ಹಾಕಿ, ಚಕ್ರಕ್ಕೆ ತಾಗದಿದ್ದರೆ ಸಾಕು ಅಂತ ಮುಂದಿನ ರೇಸಿಗೆ ಕಳಿಸಿಬಿಟ್ಟರು.

ನಡುವೆ ಬಿಡುವಿನಲ್ಲಿ ಕಪ್ಪು ಕಾರು ಬಂತು. ಎಡಬಾಗಿಲಲ್ಲಿ ಬೂದು ತೇಪೆ ಹಾಗೇ ಇತ್ತು, ಬಣ್ಣ ಹೊಡೆಯಬೇಡಿ ಅಂತ ರೂತಮ್ಮ ಹೇಳಿದ್ದರು. ಡೇಲ್ ಮೈಕು ಹಿಡಿದರು. ಇಪ್ಪತ್ತು ವರ್ಷ ನಾನು ನಿಮಗೆ ಹೇಳಿದ ಕಥೆ ತಪ್ಪು ಅಂದರು. ಹೋರಿಯ ವಿಷಯ ಹೇಳಿದರು. ಇಂಡಿಯಾದ ಗುಂಡ್ಲುಪೇಟೆ ಎಂಬ ಊರಿನ ಈ ಮೇಷ್ಟ್ರಮ್ಮ ಅದನ್ನು ಅಳಿಸಿದ್ದಾರೆ ಅಂತ ನನ್ನ ಕಡೆ ಕೈ ತೋರಿಸಿದರು. ನನಗೆ ಹಲಗೆಯ ಕೆಳಗೆ ಇಳಿದುಬಿಡೋಣ ಅನ್ನಿಸಿತು. ಇಡೀ ಮೈದಾನ ಗೊಳ್ಳೆಂದಿತು. ಹಿಂದಿನ ಸಾಲಿನಿಂದ ಯಾರೋ ಹೋರಿಯ ಹಾಗೆ ಹೂಂಕರಿಸಿದರು. ರೂತಮ್ಮ ಈ ಸಲ ಬಾಗಿಲ ಮೇಲೆ ಕೈ ಇಡಲಿಲ್ಲ. ಬಾಗಿಲು ತೆಗೆದು, ಹತ್ತಿ ಕೂತು, ದಡ್ ಅಂತ ಹಾಕಿಕೊಂಡರು. ಸುತ್ತು ಪೂರ್ತಿ ಕೈ ಹೊರಗೆ ಹಾಕಿ ಬೀಸುತ್ತಲೇ ಇದ್ದರು.

ಇಳಿದ ಮೇಲೆ ಜನ ಮುತ್ತಿದರು. ಹಾಗಾದರೆ ಸಿನಿಮಾದ ನೆಗ್ಗು ಯಾವುದು? ಎಲ್ಲರ ಪ್ರಶ್ನೆ ಅದೇ. ಡೇಲ್‌ಗೆ ಗೊತ್ತಿರಲಿಲ್ಲ. ಕಾರುಗಳ ಮೇಲೆ ನಂಬರು ಬರೆಯುವ ಸೀಮೆಸುಣ್ಣವನ್ನು ರೂತಮ್ಮ ಇಸಿದುಕೊಂಡು ಕಾರಿನ ಸುತ್ತ ಹೊರಟರು. ಮೇಲ್ಛಾವಣಿಯ ಮೂಲೆಯಲ್ಲಿ ಇಡ್ಲಿಯಷ್ಟು ಅಗಲದ ಒಂದಕ್ಕೆ ಸುತ್ತು ಹಾಕಿ, "ಇದು ಸಿನಿಮಾದ್ದು," ಅಂದರು.

"ಇಷ್ಟೇನಾ?" ಅಂದರು ಜನ.

"ಇಷ್ಟೇ. ನಮ್ಮಪ್ಪ ಕೆಲಸ ಕಲ್ತಿದ್ದ."

ಹಿಂಬದಿಯದು ರೇಸಿನ ಬೇಲಿಯದು. ಬೆನ್ನಿನ ಮೇಲಿನವು ಆಲಿಕಲ್ಲಿನವು. ಕೊನೆಗೆ ಮುಂದಿನ ಬಲ ಮಡ್‌ಗಾರ್ಡಿನ ಕೆಳಗಡೆ, ಬಗ್ಗಿ ನೋಡಿದರೆ ಮಾತ್ರ ಕಾಣುವ ಒಂದಕ್ಕೆ ಸುತ್ತು ಹಾಕಿ, ಸೀಮೆಸುಣ್ಣವನ್ನು ಡೇಲ್ ಕೈಗೆ ಕೊಟ್ಟರು.

"ಇದು ಯಾರದು?" ಅಂದರು ಡೇಲ್.

"ನಿಂದು. ಆಗ ಏಳು ವರ್ಷ ನಿಂಗೆ. ಕಾರ್ ನೋಡ್ಬೇಕು ಅಂತ ದಿನಾ ಸೈಕಲ್ ತುಳ್ಕಂಡ್ ಬತ್ತಿದ್ದೆ. ಒಂದಿನ ಬ್ರೇಕ್ ಇಡೀನಿಲ್ಲ. ಗುದ್ದಿ ಓಡೋದೆ. ನಮ್ಮಪ್ಪ ಕಿಟ್ಕೀಲಿ ನೋಡ್ತಿದ್ದ."

"ಬೈದರಾ?"

"ಇಲ್ಲ. ಉಡ್ಗ ಮತ್ತೆ ಬತ್ತನೋ ಇಲ್ವೋ ಅಂತ ಬಾಗ್ಲಲ್ ಕುಂತಿದ್ದ. ಮೂರ್ ದಿನ ಬರ್ನಿಲ್ಲ ನೀನು. ನಾಕ್ನೇ ದಿನ ಬಂದೆ."

ಆ ದೊಡ್ಡ ಆಳು ಕೆಸರಿನಲ್ಲಿ ಮೊಣಕಾಲೂರಿ ಕೂತರು. ಸುಣ್ಣದ ಸುತ್ತಿನೊಳಗೆ ಬೆರಳಿಟ್ಟು ನೋಡಿದರು. ಟ್ರ್ಯಾಕಿನಲ್ಲಿ ಮುಂದಿನ ರೇಸಿಗೆ ಎಂಜಿನ್ನುಗಳು ಶುರುವಾದವು, ಜನ ತಮ್ಮ ಕಂಬಳಿಗಳ ಕಡೆ ಓಡಿದರು. ಡೇಲ್ ಏಳಲಿಲ್ಲ.

"ಇದನ್ನು ತೆಗೆಯೋದಕ್ಕೆ ಎಷ್ಟು ಹೊತ್ತು ಬೇಕು?" ಅಂತ ನನ್ನನ್ನು ಕೇಳಿದರು.

"ಅರ್ಧ ಗಂಟೆ," ಅಂದೆ. "ತೆಗೀಲಾ?"

ಅವರು ಯೋಚಿಸಿದರು. ನಾನು ಕಾದೆ.

"ಬೇಡ," ಅಂದರು.